ಪೈಪಿನಲ್ಲಿ ಕೂತ ಗಾಳಿ

ನಮ್ಮ ಅಬ್ಬಾ ಹೊಸಕೋಟೆಯಲ್ಲಿ ಮಾರುತಿ ಓಮ್ನಿಯಲ್ಲಿ ಶಾಲೆ ಮಕ್ಕಳನ್ನು ಬಿಟ್ಟು ಬರುತ್ತಾರೆ. ಮನೆ ಬಾಡಿಗೆ, ನನ್ನ ಕಾಲೇಜು ಫೀಸು ಎಲ್ಲವೂ ಆ ವ್ಯಾನಿನಿಂದಲೇ. 1984ರಲ್ಲಿ ಬಂದು 2019ರಲ್ಲಿ ತಯಾರಿಕೆ ನಿಂತ ಈ ಗಾಡಿಯ 796 ಸಿಸಿ ಎಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ, ರೇಡಿಯೇಟರ್ ಮಾತ್ರ ಮೂತಿಯಲ್ಲಿ. ಬಿಸಿ ನೀರು ಒಂದು ಪೈಪಿನಲ್ಲಿ ಮುಂದಕ್ಕೆ ಹೋಗಿ, ತಣ್ಣಗಾಗಿ ಇನ್ನೊಂದರಲ್ಲಿ ವಾಪಸು ಬರುತ್ತದೆ.

ಕಳೆದ ಬೇಸಿಗೆಯಲ್ಲಿ ಹೋಸ್ ಒಡೆಯಿತು. ಹೊಸದು ಹಾಕಿ ನೀರು ತುಂಬಿಸಿದರೂ ಎರಡೇ ಕಿಲೋಮೀಟರಿಗೆ ಎಂಜಿನ್ ಕಾಯುತ್ತಿತ್ತು. ಎಂಜಿನ್ನೇ ಹೋಯಿತೇನೋ ಎಂದು ಅಬ್ಬಾ ರಾತ್ರಿಯಿಡೀ ನಿದ್ದೆ ಮಾಡಲಿಲ್ಲ.

ಮೆಕ್ಯಾನಿಕ್ ಚಾಚಾ ಪೈಪು ಮುಟ್ಟಿ ನೋಡಿ, "ಏರ್ ಲಾಕ್ ಬೇಟಾ" ಎಂದರು. ಗಾಳಿ ಹಗುರ, ಎತ್ತರದ ಬಾಗಿನಲ್ಲಿ ಹೋಗಿ ಕೂರುತ್ತದೆ. ಆಗ ಪಂಪು ತಿರುಗಿದರೂ ನೀರು ಸರಿಯಾಗಿ ಸುತ್ತುವುದಿಲ್ಲ. ಅವರು ಗಾಡಿಯನ್ನು ಏರಿನಲ್ಲಿ ಮೂತಿ ಮೇಲಾಗುವಂತೆ ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಟ್ಟರು. ಎಂಜಿನ್ ತಣ್ಣಗಿರುವಾಗಲೇ ಮುಚ್ಚಳ ತೆಗೆದು, ನಿಧಾನವಾಗಿ ತುಂಬಿಸಿ, ಸ್ಟಾರ್ಟ್ ಮಾಡಿದರು. ಥರ್ಮೋಸ್ಟಾಟ್ ತೆರೆದುಕೊಂಡ ಮೇಲೆ ಗುಳ್ಳೆಗಳು ಬುಳಬುಳನೆ ಹೊರಬಂದವು. ನೀರು ಇಳಿದಂತೆಲ್ಲ ಮತ್ತೆ ತುಂಬಿಸಿದರು.

ನಮ್ಮ ಕಡೆಯ ಬೋರ್‌ವೆಲ್ಲಿನ ಗಡಸು ನೀರು ಹಾಕಬೇಡಿ ಎಂದೂ ಹೇಳಿದರು. ನೀರು ಕಾಯಿಸುವ ಪಾತ್ರೆಯಲ್ಲಿ ಕಟ್ಟುವ ಬಿಳಿ ಪದರವೇ ರೇಡಿಯೇಟರಿನ ಸಣ್ಣ ಕೊಳವೆಗಳನ್ನೂ ಮುಚ್ಚುತ್ತದೆ. ಡಿಸ್ಟಿಲ್ಡ್ ವಾಟರಿಗೆ ಕೂಲೆಂಟ್ ಬೆರೆಸುವುದೇ ಸರಿ. ಮುಚ್ಚಳದ ರಬ್ಬರೂ ಚೆನ್ನಾಗಿರಬೇಕು. ಒತ್ತಡ ಹೆಚ್ಚಿದಷ್ಟೂ ಕುದಿಯುವ ಬಿಂದು ಏರುತ್ತದೆ ಎಂದು ನಾವು ಓದುವ ಪಾಠ ಅಲ್ಲಿ ಕೆಲಸ ಮಾಡುತ್ತಿರುತ್ತದೆ.

ನಮ್ಮಲ್ಲಿ ಎಷ್ಟೋ ಮನೆಗಳು ಇಂಥ ಗಾಡಿಗಳ ದುಡಿಮೆಯಿಂದಲೇ ನಡೆಯುತ್ತಿವೆ. ಗೆಳೆಯರೇ, ಸಾಲ ಮಾಡಿ ಎಂಜಿನ್ ಇಳಿಸುವ ಮೊದಲು ಒಮ್ಮೆ ಗಾಳಿ ತೆಗೆಸಿ ನೋಡಿ.