ಮಾರಿಯೋ ಆಕಾಶದ ಬಣ್ಣ ಯಾವುದು?

"ಇದು ನಮ್ಮದಲ್ಲ ಕಣೋ" ಅಂದ ಅಣ್ಣ. ಟೀವಿ ಮುಂದೆ ಕೂತು ಇನ್ನೂ ಐದು ನಿಮಿಷ ಆಗಿರಲಿಲ್ಲ.

ಮೂರು ವಾರ ನಿದ್ದೆಗೆಟ್ಟು ಹೊಂದಿಸಿದ್ದೆ. ಹೊಟ್ಟೆ ಉರಿಯದೇ ಇರುತ್ತಾ?

ವಿಷಯ ಏನಪ್ಪಾ ಅಂದ್ರೆ, ಊರಿನ ಮನೆ ಖಾಲಿ ಮಾಡುವಾಗ ಅಟ್ಟದ ಮೇಲೆ ನಮ್ಮ ಹಳೇ ವೀಡಿಯೋ ಗೇಮ್ ಸಿಕ್ಕಿತು. ನಿಂಟೆಂಡೋದವರು ೧೯೮೩ರಲ್ಲಿ ಜಪಾನಿನಲ್ಲಿ ಬಿಟ್ಟ ಫ್ಯಾಮಿಕಾಮ್‌ನ ನಕಲು. ಕ್ಯಾಸೆಟ್ಟಿನ ಮೇಲೆ '೯೯೯೯ ಇನ್ ೧' ಅಂತ ಜಂಬವಾಗಿ ಬರೆದಿತ್ತು. ಒಳಗಿದ್ದದ್ದು ಹತ್ತೋ ಹನ್ನೆರಡೋ ಆಟ, ಅವೇ ತಿರುಗಿ ತಿರುಗಿ :)

ಮೊದಲು ಹೊಸ ಟೀವಿಗೆ ನೇರವಾಗಿ ಚುಚ್ಚಿ ನೋಡಿದೆ. ಚಿತ್ರವೇನೋ ಬಂತು, ಆದ್ರೆ ನೀರಲ್ಲಿ ನೆನೆದ ಕ್ಯಾಲೆಂಡರ್ ಥರ! ಹಳೇ ಟೀವಿ ಪ್ರಸಾರದಲ್ಲಿ ಬೆಸ ಗೆರೆಗಳು ಒಮ್ಮೆ, ಸರಿ ಗೆರೆಗಳು ಒಮ್ಮೆ ಬರುತ್ತಿದ್ದವು. ಆಟದ ಡಬ್ಬಿ ಹಾಗಲ್ಲ, ಪ್ರತಿ ಸಲವೂ ಅದೇ ೨೪೦ ಗೆರೆಗಳನ್ನೇ ಕಳಿಸುತ್ತೆ. ಇದು ಗೊತ್ತಾಗದ ಎಷ್ಟೋ ಹೊಸ ಟೀವಿಗಳು ಎರಡು ಬೇರೆ ಚಿತ್ರಗಳನ್ನು ಒಂದಕ್ಕೊಂದು ಹೆಣೆದುಬಿಡುತ್ತವೆ. ಜೊತೆಗೆ ಗುಂಡಿ ಒತ್ತಿದ ಮೇಲೆ ಮಾರಿಯೋ ಯೋಚನೆ ಮಾಡಿ ಹಾರುತ್ತಾನೆ... ಅಷ್ಟರಲ್ಲಿ ಹಳ್ಳಕ್ಕೆ ಬಿದ್ದಿರುತ್ತಾನೆ.

ಇದಕ್ಕೇ ವೀಡಿಯೋ ಪ್ರೊಸೆಸರ್ ಅಂತ ಪುಟ್ಟ ಪೆಟ್ಟಿಗೆಗಳಿವೆ. ಹೆಸರುವಾಸಿಯಾದ ಓಎಸ್ಎಸ್‌ಸಿ ನಮ್ಮ ಹಳದಿ ವೈರನ್ನು ತಗೊಳ್ಳಲ್ಲ. ಹಾಗಾಗಿ ರೆಟ್ರೋಟಿಂಕ್ ೫ಎಕ್ಸ್ ತರಿಸಿದೆ. (ಬೆಲೆ ಕೇಳಬೇಡಿ, ನನ್ನ ಹೆಂಡತಿಯೂ ಈ ಬ್ಲಾಗ್ ಓದುತ್ತಾಳೆ.)

ಮೊದಲ ರಾತ್ರಿ ಹೋದದ್ದು ಕಪ್ಪಿಗೆ. ಕಪ್ಪು ಇರಬೇಕಾದ ಕಡೆ ಬೂದಿ ಬಣ್ಣ. ಪ್ರೊಸೆಸರ್ ಕಪ್ಪನ್ನು ೧೬ ಅಂತ ಕಳಿಸ್ತಾ ಇತ್ತು, ಟೀವಿ ಕಪ್ಪು ಅಂದ್ರೆ ೦ ಅಂದುಕೊಂಡಿತ್ತು. ಎರಡಕ್ಕೂ ಒಂದೇ ಲೆಕ್ಕ ಹೇಳಿಕೊಟ್ಟ ಮೇಲೆ ರಾತ್ರಿ ರಾತ್ರಿಯಂತೆ ಕಂಡಿತು. ಆಮೇಲೆ ಅಗಲ. ೧೬:೯ಕ್ಕೆ ಎಳೆದರೆ ಮಾರಿಯೋ ಮದುವೆಮನೆ ಭಟ್ಟರಂತೆ ಊದಿಕೊಳ್ಳುತ್ತಾನೆ. ೪:೩ಕ್ಕೆ ತಂದು ಎರಡೂ ಪಕ್ಕ ಖಾಲಿ ಬಿಟ್ಟೆ. ಹಳೇ ಟೀವಿಯ ಹಾಗೆ ಕಾಣಲಿ ಅಂತ ಗೆರೆಗಳ ನಡುವೆ ತೆಳ್ಳಗೆ ಕಪ್ಪು ಗೆರೆ ಹಾಕಿದೆ. ಅದರಿಂದ ಚಿತ್ರ ಮಂಕಾಯ್ತು, ಟೀವಿಯ ಹಿಂಬೆಳಕು ಏರಿಸಿದೆ. ಒಂದನ್ನು ಮುಟ್ಟಿದರೆ ಇನ್ನೊಂದು ಕೆಡುತ್ತೆ, ಥೇಟ್ ನಮ್ಮ ಮನೆ ನಲ್ಲಿ ರಿಪೇರಿ.

ಬಣ್ಣದ ಹತ್ತಿರ ಬಂದಾಗ ಮಾತ್ರ ಸಿಕ್ಕಿಹಾಕಿಕೊಂಡೆ. ಫ್ಯಾಮಿಕಾಮ್ ಚಿಪ್ಪು ಕೆಂಪು, ಹಸಿರು, ನೀಲಿ ಅಂತ ಬೇರೆ ಬೇರೆ ಲೆಕ್ಕ ಕೊಡುವುದೇ ಇಲ್ಲ. ನೇರವಾಗಿ ಟೀವಿಯ ತರಂಗವನ್ನೇ ಹುಟ್ಟಿಸುತ್ತೆ, ಅದನ್ನು ಬಿಡಿಸಿ ಬಣ್ಣ ಮಾಡುವುದು ಟೀವಿಯ ಕೆಲಸ. ಆದ್ದರಿಂದ ಮಾರಿಯೋ ಆಕಾಶ ಒಂದು ಟೀವಿಯಲ್ಲಿ ತಿಳಿನೀಲಿ, ಇನ್ನೊಂದರಲ್ಲಿ ನೇರಳೆ ಕಡೆಗೆ. 'ಇದೇ ಸರಿ' ಅನ್ನುವ ಒಂದು ನೀಲಿ ಎಲ್ಲೂ ಇಲ್ಲ! ಕೊನೆಗೆ ಬಣ್ಣದ ಪಟ್ಟಿಗಳನ್ನು ನೋಡಿಕೊಂಡು ಶಾಸ್ತ್ರಬದ್ಧವಾಗಿ ಟೀವಿಯ ಕಲರ್ ೫೦ಕ್ಕೆ ನಿಲ್ಲಿಸಿ ಅಣ್ಣನಿಗೆ ಫೋನ್ ಮಾಡಿದೆ.

ಮನೆ ಮಾರುವ ವಿಷಯದಲ್ಲಿ ನಮ್ಮಿಬ್ಬರಿಗೂ ಸ್ವಲ್ಪ ಮಾತು ಬಿಟ್ಟಂತಾಗಿತ್ತು. ಆದರೂ ಬಂದ.

"ಯಾಕೆ ನಮ್ಮದಲ್ಲ? ಹಾಡು ಕೇಳು, ಅದೇ ನಿಧಾನ" ಅಂದೆ. ಜಪಾನಿನಲ್ಲಿ ಇದು ಸೆಕೆಂಡಿಗೆ ೬೦ ಚಿತ್ರ, ನಮ್ಮ ಡಬ್ಬಿಯಲ್ಲಿ ೫೦. ನಾವು ಕೇಳಿಕೊಂಡು ಬೆಳೆದ ಮಾರಿಯೋ ಹಾಡು ಅಲ್ಲಿಯದಕ್ಕಿಂತ ಆರರಲ್ಲೊಂದು ಪಾಲು ನಿಧಾನ.

ಅಣ್ಣ ಮಾತಾಡದೆ ರಿಮೋಟ್ ತಗೊಂಡ. ಕಲರ್ ೬೦... ೭೦... ೮೫. ಆಕಾಶ ರಾಚತೊಡಗಿತು, ಇಟ್ಟಿಗೆ ಕೆಂಪು ಅಂಚು ದಾಟಿ ಹರಡಿತು. "ಈಗ ನಮ್ಮದು" ಅಂದ.

ನಿಜವಾಗಿಯೂ ನಮ್ಮದೇ! ಸಂಜೆ ವಾರ್ತೆಗೆ ಅಪ್ಪ ಬಂದವರೇ ಕಲರ್ ಪೂರ್ತಿ ಏರಿಸುತ್ತಿದ್ದರು. ನಾನು ಇಳಿಸಬೇಕು, ಅವರು ಏರಿಸಬೇಕು. "ಅಪ್ಪಾ, ನಿಮಗೆ ಬಣ್ಣವೇ ಗೊತ್ತಾಗಲ್ಲ ಬಿಡಿ" ಅಂತ ಒಮ್ಮೆ ಎಲ್ಲರ ಮುಂದೆ ಅಂದಿದ್ದೆ. ಅಪ್ಪ ನಕ್ಕಿದ್ದರು.

"ಆಗಲೇ ಅವರಿಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು ಕಣೋ. ಡಾಕ್ಟರ ಹತ್ರ ನಾನೇ ಕರ್ಕೊಂಡು ಹೋಗಿದ್ದೆ. ಚಿಕ್ಕವನಿಗೆ ಹೇಳಬೇಡ, ಹೆದರಿಕೊಳ್ತಾನೆ ಅಂದಿದ್ರು" ಅಂದ ಅಣ್ಣ.

ಪೊರೆ ಬಂದ ಕಣ್ಣಿಗೆ ಬಣ್ಣ ಮಂಕಾಗಿ, ಹಳದಿ ಕಟ್ಟಿದಂತೆ ಕಾಣುತ್ತೆ. ೧೯೯೯ರಲ್ಲಿ ಆಪರೇಷನ್ ಆಗಿ ಮನೆಗೆ ಬಂದ ಮೇಲೆ ಅಪ್ಪ ಟೀವಿ ನೋಡಿ "ಇದ್ಯಾಕೆ ಇಷ್ಟು ರಾಚ್ತಿದೆ?" ಅಂತ ತಾವೇ ಕಲರ್ ಇಳಿಸಿದ್ದು ನನಗೆ ಚೆನ್ನಾಗಿ ನೆನಪಿದೆ. ಕೊನೆಗೂ ನಾನು ಗೆದ್ದೆ ಅಂದುಕೊಂಡಿದ್ದೆ. ಇಷ್ಟು ವರ್ಷ ಹಾಗೇ ಅಂದುಕೊಂಡಿದ್ದೆ.

ಈಗ ಕೇಳೋಣ ಅಂದ್ರೆ ಅಪ್ಪ ಇಲ್ಲ.

ಅವತ್ತು ರಾತ್ರಿ ಹನ್ನೊಂದರವರೆಗೆ ಇಬ್ಬರೂ ಆಡಿದೆವು. ನಾಲ್ಕನೇ ಲೋಕ ದಾಟಲಾಗಲಿಲ್ಲ, ಆಗಲೂ ದಾಟಿರಲಿಲ್ಲ. ಮನೆ ವಿಷಯ ಇಬ್ಬರೂ ಎತ್ತಲಿಲ್ಲ. ಹೊರಡುವಾಗ "ಇನ್ನೊಂದು ಕ್ಯಾಸೆಟ್ ನನ್ನ ಹತ್ರ ಇದೆ, ತರ್ತೀನಿ" ಅಂದ.

ಟೀವಿಯ ಮೂವಿ ಮೋಡಿನಲ್ಲಿ ಪಟ್ಟಿ ನೋಡಿ ಹೊಂದಿಸಿದ್ದು ಹಾಗೇ ಇದೆ. ಸ್ಟ್ಯಾಂಡರ್ಡ್ ಮೋಡಿನಲ್ಲಿ ಕಲರ್ ೮೫. ಅಣ್ಣ ಬಂದಾಗ ಅದು.