ಬಾಲಕ್ಕೆ ಕೊಂಬಿರುವ ಹುಳ

ಭಾದ್ರಪದದ ಮಳೆ ಬಿಡುವು ಕೊಟ್ಟ ಸಂಜೆ ಬೆಳಗಾವಿಯಲ್ಲಿ ನಾನು ಹುಡುಕುವುದು ಹೂಬಿಟ್ಟ ಲಂಟಾನದ ಪೊದೆಯನ್ನು. ಬೆಳಕು ಇಳಿಯುವ ಹೊತ್ತಿಗೆ ಅದರ ಪಕ್ಕ ಅಲುಗಾಡದೆ ನಿಂತರೆ ಮೊದಲು ಗುಂಯ್ ಎನ್ನುವ ಸದ್ದು, ಆಮೇಲೆ ಕಂದು ಬಣ್ಣದ ಪುಟ್ಟ ಪತಂಗ. ಅದು ಹೂವಿನ ಮೇಲೆ ಕೂಡುವುದಿಲ್ಲ. ಗಾಳಿಯಲ್ಲೇ ನಿಂತು ಉದ್ದನೆಯ ಸೊಂಡಿಲು ಚಾಚಿ ಮಕರಂದ ಹೀರುತ್ತದೆ, ಸರಕ್ಕನೆ ಮುಂದಿನ ಹೂವಿಗೆ ಸರಿಯುತ್ತದೆ. ಹಿಂದಿನ ರೆಕ್ಕೆಯ ಹಳದಿ ಒಮ್ಮೆ ಮಿಂಚಿತೆಂದರೆ ಆ ಸಂಜೆ ಸಾರ್ಥಕ.

ಹಮ್ಮಿಂಗ್‌ಬರ್ಡ್ ಕಂಡೆವೆಂದು ಸಂಭ್ರಮಿಸುವವರು ನೋಡಿರುವುದೂ ಇದನ್ನೇ. ಆ ಹಕ್ಕಿ ಅಮೆರಿಕ ಖಂಡಗಳ ಆಚೆ ಎಲ್ಲಿಯೂ ಇಲ್ಲ. ಇದು ಮ್ಯಾಕ್ರೊಗ್ಲೋಸಮ್ ಕುಲದ ಗಿಡುಗ ಪತಂಗ. 1777ರಲ್ಲಿ ಸ್ಕೋಪೋಲಿ ಆ ಕುಲವನ್ನು ಹೆಸರಿಸಿದ. ಪಶ್ಚಿಮ ಘಟ್ಟದಲ್ಲಿ ಗೈರಾನ್ಸ್, ಬೆಲಿಸ್, ಕೊರಿಥಸ್ ಎಂದು ಹಲವು ಪ್ರಭೇದಗಳಿವೆ. ಹಾರಾಡುವಾಗ ಇವುಗಳನ್ನು ಬೇರೆ ಬೇರೆಯಾಗಿ ಗುರುತಿಸುವುದು ಬಲು ಕಷ್ಟ.

ಹಾಗಾಗಿ ಪತಂಗದ ಮರಿಹುಳದಿಂದಲೇ ಶುರು ಮಾಡಬೇಕು. ಈ ದಾರಿಯಲ್ಲಿ ನಮ್ಮ ಕಡೆಯ ಹಿರಿಯ ಟಿ. ಆರ್. ಬೆಲ್. ಅರಣ್ಯಾಧಿಕಾರಿಯಾಗಿದ್ದ ಆತ ಖಾನಾಪುರದ ಕಾಡಿಗೆ ಹೊಂದಿಕೊಂಡ ಉತ್ತರ ಕನ್ನಡದಲ್ಲಿ ಹುಳಗಳನ್ನು ಹುಡುಕಿ ತಂದು ಸಾಕಿದ, ಯಾವುದು ಯಾವ ಎಲೆ ತಿನ್ನುತ್ತದೆ ಎಂದು ಬರೆದಿಟ್ಟ. ಮೇಜರ್ ಸ್ಕಾಟ್ ಜೊತೆ ಆತ ಬರೆದ ಗಿಡುಗ ಪತಂಗಗಳ ಸಂಪುಟ 1937ರಲ್ಲಿ ಬಂತು. 1948ರಲ್ಲಿ ಕಾರವಾರದಲ್ಲೇ ತೀರಿಕೊಂಡ. ನನ್ನ ಮಟ್ಟಿಗೆ ಇಂದಿಗೂ ಆ ಸಂಪುಟಕ್ಕಿಂತ ಜೀವಂತವಾದ ಪುಸ್ತಕವಿಲ್ಲ.

ಜಾಂಬೋಟಿ, ಕಣಕುಂಬಿ ಕಡೆ ಹೋದಾಗ ನಾನು ನೋಡಿ ಬರುತ್ತೇನೆ, ಅಷ್ಟೇ. ಆ ಕಡೆಯ ಭೀಮಗಡದ ಕಾಡು 2011ರಿಂದ ಅಭಯಾರಣ್ಯ. ಅಲ್ಲಿಂದ ಏನನ್ನೂ ತರುವಂತಿಲ್ಲ. ಸಾಕುವುದೆಲ್ಲ ಮನೆಯಂಗಳದ ಇಕ್ಸೋರಾ ಗಿಡದಲ್ಲಿ. ಮ್ಯಾಕ್ರೊಗ್ಲೋಸಮ್‌ನ ಬಂಧು ಸೆಫೊನೋಡಿಸ್ ಹೈಲಾಸ್ ಅಲ್ಲಿ ಮೊಟ್ಟೆಯಿಡುತ್ತದೆ. ಎಲೆಯಷ್ಟೇ ಹಸಿರಾದ ಹುಳವನ್ನು ಹುಡುಕಲು ಎಲೆ ನೋಡಬಾರದು, ಕೆಳಗೆ ಬಿದ್ದ ಹಿಕ್ಕೆ ನೋಡಬೇಕು. ಅದರ ನೇರಕ್ಕೆ ಮೇಲೆ ಕತ್ತೆತ್ತಿದರೆ ಬಾಲದ ಕೊಂಬು ಕಾಣುತ್ತದೆ.

“ಕಚ್ಚತೈತೇನ್ರೀ?” ಅಂತ ಓಣಿಯ ಹುಡುಗರು ಕೇಳುತ್ತಾರೆ.

“ಇಲ್ಲೋ ತಮ್ಮಾ, ಕೊಂಬು ಮೆತ್ತಗದ. ಹಗೂರಕ ಮುಟ್ಟಿ ನೋಡು.”

ತಿಂದು ಬೆಳೆದ ಹುಳ ಬಣ್ಣ ಮಂಕಾಗಿಸಿಕೊಂಡು ಕೆಳಗಿಳಿಯುತ್ತದೆ. ಡಬ್ಬಿಯಲ್ಲಿ ಮಣ್ಣು, ಒಣಗಿದ ಎಲೆ ಹಾಸಿಟ್ಟರೆ ಅದರಡಿಯಲ್ಲೇ ಕೋಶವಾಗುತ್ತದೆ. ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಮುಂದಿನ ಘಳಿಗೆ. ಹೊರಬಂದ ಪತಂಗದ ರೆಕ್ಕೆಗಳ ಮೇಲೆ ಬೂದುಬಣ್ಣದ ಹುರುಪೆಗಳಿರುತ್ತವೆ. ರೆಕ್ಕೆ ಒಣಗುವವರೆಗೂ ಅದು ಕಡ್ಡಿಗೆ ಜೋತುಬಿದ್ದಿರುತ್ತದೆ. ಆಮೇಲೆ ಮೈ ಬಿಸಿ ಮಾಡಿಕೊಳ್ಳಲು ನಡುಗತೊಡಗುತ್ತದೆ. ಹಾರುವ ಸ್ನಾಯು ಕಾಯದೆ ಅದು ಮೇಲೇಳಲಾರದು. ಮೊದಲ ಹಾರಾಟದಲ್ಲಿ ಆ ಹುರುಪೆಗಳೆಲ್ಲ ಭಂಡಾರದ ಪುಡಿ ತೂರಿದಂತೆ ಉದುರಿ, ಗಾಜಿನಂಥ ಪಾರದರ್ಶಕ ರೆಕ್ಕೆ ಉಳಿಯುತ್ತದೆ. ಹಸಿರು ಮೈ, ನಡುವಿಗೆ ಕಡುಗೆಂಪು ಪಟ್ಟಿ.

ನಿಮ್ಮ ಇಕ್ಸೋರಾದಲ್ಲಿ ಬಾಲಕ್ಕೆ ಕೊಂಬಿರುವ ಹಸಿರು ಹುಳ ಕಂಡರೆ ದಯವಿಟ್ಟು ಔಷಧ ಹೊಡೆಯಬೇಡಿ. ಅದು ತಿಂದ ಕೊಂಬೆ ಮತ್ತೆ ಚಿಗುರುತ್ತದೆ.