ದಿಂಬಂ ಇಳಿಯುವ ಮುನ್ನ

ತಾಳವಾಡಿ ಸೀಮೆಯಲ್ಲಿ ಮನೆಮಾತು ಕನ್ನಡ, ಕಚೇರಿಯ ಕಾಗದ ತಮಿಳು. ಹೊಲಗಳಲ್ಲಿ ರಾಗಿ, ಕೋಸು, ಅರಿಸಿನ. ದೊಡ್ಡ ಕಾಯಿಲೆ ಬಂದರೆ ಸತ್ಯಮಂಗಲಕ್ಕೋ ಕೊಯಮತ್ತೂರಿಗೋ ಹೋಗಬೇಕು, ಹೋಗಬೇಕಾದರೆ ದಿಂಬಂ ಘಾಟಿ ಇಳಿಯಲೇಬೇಕು. ಸಾವಿರ ಮೀಟರಿಗೂ ಮಿಕ್ಕ ಎತ್ತರದ ದಿಂಬಂನಿಂದ ತಪ್ಪಲಿನ ಬಣ್ಣಾರಿಯವರೆಗೆ 27 ಹೇರ್‌ಪಿನ್ ತಿರುವುಗಳು. ತಮಿಳಿನ ಫಲಕಗಳಲ್ಲಿ ಇವು ‘ಕೊಂಡೈ ಊಸಿ ವಳೈವು’. ತುರುಬಿನ ಸೂಜಿಯ ಹಾಗೆ ಬಾಗಿದ್ದು ಎಂದರ್ಥ. ಅಷ್ಟು ಚೆಂದದ ಮಾತು ನಮ್ಮಲ್ಲಿ ಬಳಕೆಗೆ ಬರಲಿಲ್ಲವಲ್ಲ ಎಂದು ಪ್ರತಿ ಸಲವೂ ಅನ್ನಿಸುತ್ತದೆ.

ನಮ್ಮದು ಹಳೆಯ ಮಾರುತಿ 800. ಮೂರು ವಾರದಿಂದ ಬ್ರೇಕು ಮುಟ್ಟಿದರೆ ಮುಂದಿನ ಚಕ್ರದಿಂದ ಕೀಂ ಎಂಬ ಸದ್ದು. “ಫಾದರ್, ಬಲಿಪೂಜೆಗೆ ಗಂಟೆ ಯಾಕೆ, ನಿಮ್ಮ ಕಾರು ಬಂದರೆ ಸಾಕು” ಎಂದು ಯುವಕರು ನಗುತ್ತಿದ್ದರು. ನಾವೂ ನಕ್ಕೆವು. ಒಂದು ಗ್ಯಾರೇಜಿಗೆ ತೋರಿಸಿದ್ದೂ ಆಯಿತು. ಅಲ್ಲಿ ಪ್ಯಾಡುಗಳ ಮುಖವನ್ನು ಉಪ್ಪುಕಾಗದದಿಂದ ಉಜ್ಜಿ ಕಳಿಸಿದರು. ನಾಲ್ಕು ದಿನ ಸದ್ದಿರಲಿಲ್ಲ, ಐದನೆಯ ದಿನ ಮತ್ತೆ ಬಂತು.

ಅಂದು ನಮ್ಮ ಧರ್ಮಕೇಂದ್ರದ ಒಬ್ಬ ಅಜ್ಜಿಯನ್ನು ಕಣ್ಣಿನ ಪರೀಕ್ಷೆಗೆ ಕರೆದೊಯ್ಯುತ್ತಿದ್ದೆವು. ಜೊತೆಗೆ ಮೊಮ್ಮಗ. ಹಾಸನೂರು ದಾಟಿ, ಕಾಡಿನ ಇಳಿಜಾರೊಂದರಲ್ಲಿ ಬ್ರೇಕು ಒತ್ತಿದಾಗ ಕೀಂ ಎನ್ನುವುದು ಹೋಗಿ ಗರ್‍ರ್ ಎಂದು ಕಲ್ಲಿಗೆ ಕಬ್ಬಿಣ ಉಜ್ಜಿದಂತಾಯಿತು. ಪೆಡಲಿನಲ್ಲಿ ಅದರ ನಡುಕ ಕಾಲಿಗೆ ತಾಗಿತು. “ಗಾಡಿ ಅಳ್ತಾ ಅದೆ ಸ್ವಾಮಿ” ಎಂದರು ಅಜ್ಜಿ.

ಕಾಡಿನಲ್ಲಿ ನಿಲ್ಲುವಂತಿಲ್ಲ. ಸಕ್ಕರೆ ಕಾರ್ಖಾನೆಗೆ ಹೋಗುವ ಲಾರಿಗಳಿಂದ ಬೀಳುವ ಕಬ್ಬಿಗಾಗಿ ಆನೆಗಳು ರಸ್ತೆಗೇ ಬರುವ ಜಾಗ ಅದು. ಎರಡನೇ ಗೇರಿನಲ್ಲಿ ತೆವಳಿ ದಿಂಬಂ ಸೇರಿದೆವು. ಅಲ್ಲಿ ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಮುಟ್ಟದೆ ಚಕ್ರದ ಹತ್ತಿರ ಕೈ ಹಿಡಿದು ನೋಡಿದೆವು. ಬಲಗಡೆ ಬರೀ ಬೆಚ್ಚಗೆ, ಎಡಗಡೆ ಒಲೆಯ ಬಾಯಿ. ಮೊಮ್ಮಗ ನೀರು ಹುಯ್ಯಲು ಬಾಟಲಿ ತಂದ, ತಡೆದೆವು. ಕಾದ ಡಿಸ್ಕಿಗೆ ತಣ್ಣೀರು ಬಿದ್ದರೆ ಅದು ಸೊಟ್ಟಗಾಗಬಹುದು, ಬಿರುಕೂ ಬಿಡಬಹುದು.

ಎದುರಿಗೆ 27 ತಿರುವುಗಳು, ಕೈಯಲ್ಲಿ ಆಸ್ಪತ್ರೆಯ ಚೀಟಿ. ‘ಮೊದಲ ಗೇರಿನಲ್ಲಿ ಮೆಲ್ಲಗೆ ಇಳಿದುಬಿಟ್ಟರಾಯಿತು’ ಎಂಬ ಯೋಚನೆ ಬರಲಿಲ್ಲವೆಂದರೆ ಸುಳ್ಳಾದೀತು. ಅಷ್ಟರಲ್ಲಿ ಸತ್ಯಮಂಗಲದ ಬಸ್ಸು ಬಂತು. ಅಜ್ಜಿ, ಮೊಮ್ಮಗ ಇಬ್ಬರನ್ನೂ ಅದಕ್ಕೆ ಹತ್ತಿಸಿ, ಕೆಳಗಿನ ಪರಿಚಯದ ಮೆಕ್ಯಾನಿಕ್ಕಿಗೆ ಫೋನು ಮಾಡಿದೆವು.

ಎರಡು ಗಂಟೆ ಕಾದ ಮೇಲೆ ಅವನು ಬೈಕಿನಲ್ಲಿ ಹೊಸ ಪ್ಯಾಡು, ಗ್ರೀಸು, ಬ್ರೇಕ್ ಆಯಿಲ್ ಎಲ್ಲ ತಂದ. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಚಕ್ರದ ನಟ್ಟುಗಳನ್ನು ನೆಲದ ಮೇಲೇ ಸಡಿಲಿಸಿ, ಆಮೇಲೆ ಜಾಕು ಏರಿಸಿದ. ಜಾಕನ್ನೊಂದೇ ನಂಬದೆ ಸ್ಟ್ಯಾಂಡನ್ನೂ ಕೊಟ್ಟ. ಕ್ಯಾಲಿಪರ್ ಬಿಚ್ಚಿದಾಗ ಗುಟ್ಟು ಹೊರಬಿತ್ತು. ಹೊರಗಿನ ಪ್ಯಾಡು ಅರ್ಧಕ್ಕೂ ಹೆಚ್ಚು ಉಳಿದಿದೆ, ಒಳಗಿನದು ತಗಡಿನವರೆಗೂ ಸವೆದಿದೆ!

“ಪ್ಯಾಡ್ ತಪ್ಪಲ್ಲ ಫಾದರ್, ಪಿನ್ ಹಿಡ್ಕೊಂಡದೆ” ಎಂದ. ಕ್ಯಾಲಿಪರ್ ಎಂದರೆ ತಿರುಗುವ ಡಿಸ್ಕನ್ನು ಎರಡೂ ಕಡೆಯಿಂದ ಹಿಡಿಯುವ ಇಕ್ಕಳ. ಪಿಸ್ಟನ್ ಇರುವುದು ಒಳಬದಿಯಲ್ಲಿ ಮಾತ್ರ. ಅದು ಒಳಗಿನ ಪ್ಯಾಡನ್ನು ತಳ್ಳಿದಾಗ ಇಡೀ ಇಕ್ಕಳ ಎರಡು ಪಿನ್ನುಗಳ ಮೇಲೆ ಜಾರಿ ಹೊರಗಿನ ಪ್ಯಾಡನ್ನೂ ಎಳೆದುಕೊಳ್ಳಬೇಕು. ನಮ್ಮ ಕಾರಿನಲ್ಲಿ ಪಿನ್ನಿನ ರಬ್ಬರ್ ಟೊಪ್ಪಿ ಹರಿದು, ನೀರು ಹೊಕ್ಕು, ತುಕ್ಕು ಹಿಡಿದಿತ್ತು. ಜಾರದ ಇಕ್ಕಳ ಒಳಗಿನ ಪ್ಯಾಡನ್ನಷ್ಟೇ ಸವೆಸುತ್ತ, ಕಾಲು ತೆಗೆದ ಮೇಲೂ ಡಿಸ್ಕಿಗೆ ಒತ್ತಿ ಹಿಡಿದಿತ್ತು. ಬಿಸಿಗೆ ಅದೇ ಕಾರಣ. ಉಪ್ಪುಕಾಗದ ಉಜ್ಜಿದ್ದು ಜ್ವರದವನ ಹಣೆ ಒರೆಸಿದ ಹಾಗಾಗಿತ್ತು.

ಬರೀ ಕೀಂ ಸದ್ದಿಗೆ ಇದೇ ಕಾರಣವೆಂದಲ್ಲ. ಪ್ಯಾಡಿನ ಮುಖ ಗಾಜಿನಂತೆ ಗಟ್ಟಿಯಾಗಿರಬಹುದು. ಅದರ ಬೆನ್ನಿನ ತಗಡು ಸಡಿಲವಾಗಿ ಕಂಪಿಸುತ್ತಿರಬಹುದು. ಕೆಲವು ಪ್ಯಾಡುಗಳಲ್ಲಿ ಸವೆತ ತಿಳಿಸಲೆಂದೇ ಇಟ್ಟ ಲೋಹದ ನಾಲಗೆ ಡಿಸ್ಕಿಗೆ ತಾಗುತ್ತಿರಬಹುದು. ಆದರೆ ಗರ್‍ರ್ ಎಂದರೆ ಮುಂದೆ ಓಡಿಸುವ ಮಾತೇ ಇಲ್ಲ.

ಅವನು ಪ್ಯಾಡಿನ ಧೂಳನ್ನು ಬಾಯಿಂದ ಊದಲಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿದ. ಹಳೆಯ ಪ್ಯಾಡುಗಳಲ್ಲಿ ಕಲ್ನಾರು ಇರುತ್ತಿತ್ತು, ಅದು ಶ್ವಾಸಕೋಶಕ್ಕೆ ಕೇಡು. ಕ್ಯಾಲಿಪರನ್ನು ಅದರ ಹೋಸಿನ ಮೇಲೆ ತೂಗಬಿಡದೆ ತಂತಿಯಲ್ಲಿ ಕಟ್ಟಿದ. ಪಿನ್ನುಗಳ ತುಕ್ಕು ತೆಗೆದು, ಬಿಸಿ ತಡೆಯುವ ಗ್ರೀಸು ಸವರಿ, ಹೊಸ ಟೊಪ್ಪಿ ಹಾಕಿದ. ಡಿಸ್ಕಿನ ಗೀರುಗಳು ಮೇಲುಮೇಲಿನವು, ದಪ್ಪ ಇನ್ನೂ ಇತ್ತು. ಪ್ಯಾಡುಗಳನ್ನು ಎರಡೂ ಚಕ್ರಗಳಿಗೆ ಬದಲಿಸಿದ. ಒಂದೇ ಕಡೆ ಹೊಸದಾದರೆ ಗಾಡಿ ಪಕ್ಕಕ್ಕೆ ಎಳೆಯುತ್ತದಂತೆ.

ಬ್ರೇಕ್ ಆಯಿಲನ್ನೂ ಬದಲಿಸಿದ, ಕಪ್ಪಾಗಿತ್ತು. ಇದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 3 ಎಂಬ ದರ್ಜೆಯದು ಹೊಸದಾಗಿದ್ದಾಗ 205 ಡಿಗ್ರಿ ಸೆಲ್ಸಿಯಸ್‌ವರೆಗಾದರೂ ಕುದಿಯಬಾರದು, ನೀರು ಸೇರಿದ್ದಕ್ಕೆ ಆ ಮಿತಿ 140ಕ್ಕೆ ಇಳಿಯುತ್ತದೆ. ಘಾಟಿಯಲ್ಲಿ ಅದು ಕುದಿದು ಆವಿಯಾದರೆ ಪೆಡಲು ನೆಲ ಮುಟ್ಟುತ್ತದೆ, ಗಾಡಿ ನಿಲ್ಲುವುದಿಲ್ಲ. ಬೆಳಿಗ್ಗೆ ನಮ್ಮ ಯೋಚನೆ ಎಲ್ಲಿಗೆ ಒಯ್ಯುತ್ತಿತ್ತು ಎಂಬುದು ಆಗ ತಿಳಿಯಿತು.

ಪೆಡಲು ಗಟ್ಟಿಯಾಗುವವರೆಗೆ ತುಳಿಸಿದ ಮೇಲೂ ಅವನು ಇಳಿಯಲು ಬಿಡಲಿಲ್ಲ. ಹೊಸ ಪ್ಯಾಡು ಡಿಸ್ಕಿಗೆ ಹೊಂದಿಕೊಳ್ಳಬೇಕೆಂದು ಹಾಸನೂರಿನ ಕಡೆಗೇ ಕರೆದೊಯ್ದು, ಸಾಧಾರಣ ವೇಗದಲ್ಲಿ ಹತ್ತಾರು ಸಲ ಮೆಲ್ಲನೆ ಬ್ರೇಕು ಹಿಡಿಸಿದ. ನಡುವೆ ಆರಲು ಬಿಡುವು. ಆಗಲೇ ಸಂಜೆ ನಾಲ್ಕು. 2022ರಲ್ಲಿ ಹೈಕೋರ್ಟಿನ ಆದೇಶದಂತೆ ಈ ದಾರಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂದ ಮೇಲೆ ಹೊತ್ತು ನೋಡಿಕೊಂಡೇ ಹೊರಡಬೇಕು.

ಇಳಿದೆವು. ಎಂಜಿನ್ನೇ ಗಾಡಿಯನ್ನು ತಡೆಯುವಂತೆ ಕೆಳ ಗೇರಿನಲ್ಲಿ, ತಿರುವಿಗೆ ಮುಂಚೆ ಮಾತ್ರ ಬ್ರೇಕು. ಕೆಳಗೆ ದೂರದಲ್ಲಿ ಭವಾನಿಸಾಗರದ ನೀರು ಬಿಸಿಲಿಗೆ ಹೊಳೆಯುತ್ತಿತ್ತು. ಕಿಟಕಿ ಇಳಿಸಿ ಕಿವಿಗೊಟ್ಟರೆ ಟೈರಿನ ಸದ್ದು, ಮಂಗಗಳ ಕಿರುಚಾಟ, ಅಷ್ಟೇ.

ಸತ್ಯಮಂಗಲದ ಬಸ್ ನಿಲ್ದಾಣದಲ್ಲಿ ಅಜ್ಜಿ ಕಾಯುತ್ತ ಕೂತಿದ್ದರು. ಶಸ್ತ್ರಚಿಕಿತ್ಸೆಗೆ ಮುಂದಿನ ಗುರುವಾರ ಬರಹೇಳಿದ್ದರಂತೆ. ಕಾರು ಹತ್ತುವ ಮುನ್ನ ಬಾಗಿಲು ಹಿಡಿದು ಕೇಳಿದರು: “ಅಳು ನಿಂತದಾ ಸ್ವಾಮಿ?”